ಹನ್ನೊಂದು ತಿಂಗಳ ಆ ಒಂದು ಸಾಲು: ಹಳೆಯ ಅಗ್ರಿಮೆಂಟ್ ಹಿಡಿದು ಈಗ ದಾವೆ ಹೂಡಬಹುದೇ?

ಪ್ರಶ್ನೆ: ನಾನು ಉಡುಪಿ ಹತ್ತಿರದ ಅಲೆವೂರಿನವಳು. ಪತಿ ಕುವೈತ್‌ನಲ್ಲಿ ಉದ್ಯೋಗದಲ್ಲಿದ್ದಾರೆ. ಮನೆ ಕಟ್ಟಬೇಕೆಂದು ಕಾಪು ಕಡೆ 22 ಸೆಂಟ್ಸ್ ವರ್ಗ (ಖಾಸಗಿ ಹಕ್ಕಿನ) ಜಾಗಕ್ಕೆ 2019ರ ಫೆಬ್ರವರಿ 14ರಂದು ನನ್ನ ಹೆಸರಿನಲ್ಲಿ ಅಗ್ರಿಮೆಂಟ್ ಮಾಡಿಕೊಂಡೆವು. ಕ್ರಯ 26,40,000 ರೂಪಾಯಿ, ಅಂದೇ ಕೊಟ್ಟ ಮುಂಗಡ 7 ಲಕ್ಷ. ಮಾರುವವರು ಅಣ್ಣ, ತಮ್ಮ ಇಬ್ಬರು. ತಮ್ಮ ದುಬೈಯಲ್ಲಿದ್ದಾರೆ, ಅವರ ಪರವಾಗಿ ಅಣ್ಣನೇ ಸಹಿ ಹಾಕಿದ್ದಾರೆ. ‘ಮಾರಾಟಗಾರರು ತಮ್ಮ ಖರ್ಚಿನಲ್ಲಿ ಪ್ಲಾಟಿಂಗ್ ಮತ್ತು ಭೂಪರಿವರ್ತನೆ ಮಾಡಿಸಿಕೊಡತಕ್ಕದ್ದು, ಆದ ದಿನದಿಂದ ಮೂರು ತಿಂಗಳ ಒಳಗೆ ಕ್ರಯಪತ್ರ ನೋಂದಾಯಿಸತಕ್ಕದ್ದು’ ಎಂದು ಟೈಪ್ ಆಗಿದೆ. (ಪ್ಲಾಟಿಂಗ್ ಎಂದರೆ ಸರ್ವೆ ಮಾಡಿಸಿ ಜಾಗವನ್ನು ಪ್ರತ್ಯೇಕವಾಗಿ ಗುರುತಿಸುವುದು.) ಕೆಳಗೆ ಪೆನ್ನಿನಲ್ಲಿ ‘ಕರಾರಿನ ಅವಧಿ 11 ತಿಂಗಳು’ ಎಂದು ಬರೆದಿದೆ. ಅದರ ಪಕ್ಕ ಅಣ್ಣನ ಚಿಕ್ಕ ಸಹಿ ಇದೆ, ನನ್ನದಿಲ್ಲ. ಕೊರೊನಾ ಬಂತು, ಸರ್ವೆ ತಡವಾಯಿತು. 2021ರ ನವೆಂಬರ್‌ನಲ್ಲಿ ಕೇಳಿದರೆಂದು ಬ್ಯಾಂಕ್ ಮೂಲಕ ಇನ್ನೂ ಒಂದೂವರೆ ಲಕ್ಷ ಕೊಟ್ಟೆವು. 2023ರ ಮೇ 5ರಂದು ಪರಿವರ್ತನೆಯ ಆದೇಶ ಆಯಿತು. ಆಗಸ್ಟ್ 9ರಂದು ‘ಹಳೆಯ ರೇಟಿಗೆ ಕೊಡಲು ಆಗುವುದಿಲ್ಲ’ ಎಂದು ಅಣ್ಣನಿಂದ ವಾಟ್ಸ್ಆ್ಯಪ್ ಬಂತು. ಅಂದಿನಿಂದ ಮಾತುಕತೆಯಲ್ಲೇ ಕಾಲ ಕಳೆಯಿತು. ಈಗ ಅವರ ವಕೀಲರು, 11 ತಿಂಗಳ ಮೇಲೆ ಮೂರು ವರ್ಷ ಕಳೆದಿದೆ, ಕರಾರಿಗೆ ಬೆಲೆಯಿಲ್ಲ, ಮುಂಗಡವೂ ಮುಟ್ಟುಗೋಲು ಎನ್ನುತ್ತಿದ್ದಾರೆ. ವಕೀಲ ನೋಟಿಸ್ ಕೊಟ್ಟರೆ ಮತ್ತೆ ಮೂರು ವರ್ಷ ಸಿಗುತ್ತದೆ ಎಂದು ದಲ್ಲಾಳಿ ಹೇಳುತ್ತಾರೆ. ಜಾಗದ ವಿಷಯಕ್ಕೆ 12 ವರ್ಷ ಎಂದು ನೆರೆಯವರು. ಮೂಲ ಅಗ್ರಿಮೆಂಟ್ ದಲ್ಲಾಳಿಯ ಬಳಿ ಇದೆ, ನನ್ನ ಹತ್ತಿರ ಜೆರಾಕ್ಸ್ ಮಾತ್ರ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಜಾಗ ಕೈತಪ್ಪುತ್ತದೆಯೇ ಎಂಬುದು ಒಂದು, ಎಂಟೂವರೆ ಲಕ್ಷವೂ ಹೋಯಿತೇ ಎಂಬುದು ಇನ್ನೊಂದು. ಕಾನೂನಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಗಡುವುಗಳಿವೆ. ಮೊದಲಿಗೆ ಧೈರ್ಯಕ್ಕೆ ಒಂದು ಮಾತು: ಎದುರಿನ ವಕೀಲರು ಹೇಳಿದ್ದು ಅವರ ಕಕ್ಷಿದಾರರಿಗೆ ಅನುಕೂಲವಾದ ಓದು, ಅದೇ ನ್ಯಾಯಾಲಯದ ತೀರ್ಪಲ್ಲ. ಆದರೆ ಅದನ್ನು ತಳ್ಳಿಹಾಕಿ ಸುಮ್ಮನೆ ಕೂರುವಷ್ಟು ಸಮಯ ನಿಮ್ಮ ಬಳಿ ಇಲ್ಲ.

ಕ್ರಯಪತ್ರ ಮಾಡಿಕೊಡಿ ಎಂದು ಕೇಳುವ ದಾವೆಗೆ, ಅಂದರೆ ಕರಾರಿನ ನಿರ್ದಿಷ್ಟ ಪಾಲನೆಯ ದಾವೆಗೆ, 1963ರ ಕಾಲಮಿತಿ ಕಾಯ್ದೆಯ 54ನೇ ವಿಧಿ ಮೂರು ವರ್ಷ ಕೊಡುತ್ತದೆ. ಜಗಳವೆಲ್ಲ ಈ ಮೂರು ವರ್ಷ ಎಂದಿನಿಂದ ಎಂಬುದರಲ್ಲಿ. ಕರಾರಿನಲ್ಲಿ ದಿನಾಂಕ ಗೊತ್ತುಮಾಡಿದ್ದರೆ ಆ ದಿನಾಂಕದಿಂದ; ಗೊತ್ತುಮಾಡದಿದ್ದರೆ, ಎದುರಿನವರು ನಿರಾಕರಿಸಿದ್ದು ನಿಮಗೆ ತಿಳಿದ ದಿನದಿಂದ. ಆದ್ದರಿಂದ ನಿಮ್ಮ ಅಗ್ರಿಮೆಂಟಿನ ಆ ಪೆನ್ನಿನ ಸಾಲನ್ನು ಹೇಗೆ ಓದುತ್ತೇವೆ ಎನ್ನುವುದರ ಮೇಲೆ ಗಡುವು ನಿಂತಿದೆ. ಕರಾರಿನ ಅರ್ಥ ಒಂದು ವಿಷಯ, ಕಾಲಮಿತಿ ಇನ್ನೊಂದು ವಿಷಯ ಎಂದು ಜನ ತಿಳಿದಿರುತ್ತಾರೆ. ನಿಮ್ಮ ಪ್ರಕರಣದಲ್ಲಿ ಎರಡೂ ಒಂದೇ.

ಮೂರು ರೀತಿಯಲ್ಲಿ ಓದಬಹುದು. ಎದುರಿನವರ ಓದಿನಿಂದಲೇ ಆರಂಭಿಸೋಣ. ಅವರ ಪ್ರಕಾರ 11 ತಿಂಗಳೆಂದರೆ 2020ರ ಜನವರಿ 14, ಅದೇ ಗೊತ್ತಾದ ದಿನಾಂಕ. ಹಾಗಾದರೆ ಮೂರು ವರ್ಷ 2023ರ ಜನವರಿ 14ಕ್ಕೆ ಮುಗಿಯಬೇಕು. ಆದರೆ ಕೊರೊನಾ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಹೊರಗಿಟ್ಟಿದೆ. ಈ 716 ದಿನಗಳನ್ನು ಸೇರಿಸಿದರೆ ಕೊನೆಯ ದಿನ 2024ರ ಡಿಸೆಂಬರ್ 30. ಅದೂ ಕಳೆದಿದೆ. ಈ ಓದೇ ಗೆದ್ದರೆ ಜಾಗಕ್ಕಾಗಿ ಹೂಡುವ ದಾವೆ ನಿಲ್ಲುವುದಿಲ್ಲ.

ಎರಡನೆಯ ಓದಿನ ಪ್ರಕಾರ ಟೈಪ್ ಆದ ಷರತ್ತೇ ಮುಖ್ಯ. ಪರಿವರ್ತನೆಯ ಆದೇಶ ಆದ ದಿನದಿಂದ ಮೂರು ತಿಂಗಳೆಂದರೆ 2023ರ ಆಗಸ್ಟ್ 5. ಗಡುವು 2026ರ ಆಗಸ್ಟ್ 5. ಮೂರನೆಯದು, ಸರಕಾರಿ ಕಡತ ಯಾವಾಗ ಮುಗಿಯುತ್ತದೆಂದು ಯಾರಿಗೂ ಗೊತ್ತಿಲ್ಲದಿದ್ದಾಗ ಅದನ್ನು ‘ಗೊತ್ತಾದ ದಿನಾಂಕ’ ಎನ್ನಲಾಗದು, ಆದ್ದರಿಂದ ನಿರಾಕರಣೆಯ ಸಂದೇಶ ಬಂದ ದಿನವೇ ಆರಂಭ ಎಂಬ ಓದು. ಆಗ 2026ರ ಆಗಸ್ಟ್ 9. ಸುಪ್ರೀಂ ಕೋರ್ಟಿನಿಂದ ಎರಡೂ ದಿಕ್ಕಿನ ತೀರ್ಪುಗಳು ಬಂದಿವೆ. ಅಡಮಾನ ಬಿಡಿಸಿದ ಮೇಲೆ ಕ್ರಯಪತ್ರ ಎಂದಿದ್ದ ಒಂದು ಪ್ರಕರಣದಲ್ಲಿ, ಕ್ಯಾಲೆಂಡರಿನ ದಿನಾಂಕ ಬರೆಯದಿದ್ದರೂ ಅಡಮಾನ ಬಿಡಿಸಿದ ದಿನವೇ ಗೊತ್ತಾದ ದಿನಾಂಕ ಎಂದು ಹೇಳಿತ್ತು. ಆಮೇಲೆ 2009ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, 54ನೇ ವಿಧಿಯಲ್ಲಿ ‘ದಿನಾಂಕ’ ಎಂದರೆ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ದಿನವೇ ಎಂದಿತು. ಈ ಎರಡನೆಯ ತೀರ್ಪು ನಿಮಗೆ ಅನುಕೂಲ. ಆದರೂ ನಿಮ್ಮ ಲೆಕ್ಕವನ್ನು ಆಗಸ್ಟ್ 9ಕ್ಕೆ ಕಟ್ಟಿಹಾಕಬೇಡಿ, 5ರೊಳಗೆ ದಾವೆ ನ್ಯಾಯಾಲಯದಲ್ಲಿರಲಿ. ಅಷ್ಟಕ್ಕೂ 9 ಭಾನುವಾರ. ರಜೆಯ ದಿನ ಗಡುವು ಮುಗಿದರೆ ನ್ಯಾಯಾಲಯ ತೆರೆದ ದಿನ ಸಲ್ಲಿಸಬಹುದೆಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ ನಿಜ. ನಾಲ್ಕು ದಿನದ ವ್ಯತ್ಯಾಸಕ್ಕೆ 22 ಸೆಂಟ್ಸ್ ಜಾಗವನ್ನು ಪಣಕ್ಕಿಡುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಪೆನ್ನಿನ ಸಾಲಿಗೆ ಬರೋಣ. ಟೈಪಿಗೂ ಕೈಬರಹಕ್ಕೂ ಘರ್ಷಣೆ ಬಂದರೆ ಕೈಬರಹಕ್ಕೆ ಹೆಚ್ಚು ತೂಕ ಎಂಬ ನಿಯಮವನ್ನು ಅವರು ಎತ್ತಿಯೇ ಎತ್ತುತ್ತಾರೆ. ಮಾದರಿ ಪ್ರತಿಯನ್ನು ನಕಲು ಮಾಡುವಾಗ ಯೋಚನೆ ಇರುವುದಿಲ್ಲ, ಕೈಯಲ್ಲಿ ಬರೆದದ್ದು ಇದೇ ವ್ಯವಹಾರಕ್ಕಾಗಿ ಯೋಚಿಸಿ ಬರೆದದ್ದು ಎಂಬುದು ಆ ನಿಯಮದ ಹಿಂದಿನ ತರ್ಕ. ಆದರೆ ನಮ್ಮ ಜಿಲ್ಲೆಗಳ ಅಗ್ರಿಮೆಂಟುಗಳನ್ನು ಇಷ್ಟು ವರ್ಷ ಓದಿದ ಮೇಲೆ ನನಗೆ ಆ ‘11 ತಿಂಗಳು’ ಎಲ್ಲಿಂದ ಬರುತ್ತದೆಂದು ಗೊತ್ತು. ಅದು ಬಾಡಿಗೆ ಕರಾರಿನ ಲೆಕ್ಕ. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವಾದ್ದರಿಂದ ಅದನ್ನು ತಪ್ಪಿಸಲು 11 ತಿಂಗಳು ಎಂದು ಬರೆಯುವ ರೂಢಿ ಬೆಳೆಯಿತು. ಕ್ರಯದ ಕರಾರಿಗೂ ಆ ಸಂಖ್ಯೆಗೂ ಯಾವ ಸಂಬಂಧವೂ ಇಲ್ಲ. ಆದರೂ ದಸ್ತಾವೇಜು ಬರೆಯುವವರ ಕೈ ಅಭ್ಯಾಸಬಲದಿಂದ ಅಲ್ಲಿಗೇ ಹೋಗುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಸಾಲು ಯಾವಾಗ ಸೇರಿತು ಎಂಬುದು. ಪಕ್ಕದಲ್ಲಿ ನಿಮ್ಮ ಸಹಿ ಇಲ್ಲ. ನೀವು ಸಹಿ ಹಾಕುವಾಗ ಅದು ಅಲ್ಲಿತ್ತೇ? ನಿಮ್ಮ ಜೆರಾಕ್ಸ್ ಯಾವ ದಿನ ತೆಗೆದದ್ದು? ಸಹಿಯಾದ ನಂತರ ನಿಮ್ಮ ಒಪ್ಪಿಗೆಯಿಲ್ಲದೆ ಸೇರಿಸಿದ್ದಾದರೆ ಅದು ನಿಮ್ಮನ್ನು ಕಟ್ಟುವುದಿಲ್ಲ. ಸೇರಿಸಿದವರಿಗೇ ಅದು ತೊಡಕು. ಮೂಲ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಶಾಯಿ ಒಂದೇಯೇ, ಸಾಲು ಸಹಿಯ ಮೇಲೆ ಹಾದುಹೋಗಿದೆಯೇ, ಅಂಚಿನಲ್ಲಿ ಇಕ್ಕಟ್ಟಿಗೆ ಸಿಕ್ಕಿದೆಯೇ ಎಂಬುದು ಜೆರಾಕ್ಸ್‌ನಲ್ಲಿ ಕಾಣದು. ನೀವು ಸಹಿ ಹಾಕುವಾಗಲೇ ಅದು ಇತ್ತು ಎಂದಾದರೆ ನಿಮ್ಮ ವಕೀಲರ ಬಳಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಗಲೂ ನಿಮಗೆ ವಾದವಿದೆ.

ಏಕೆಂದರೆ ಕರಾರನ್ನು ಒಂದು ಸಾಲು ಕಿತ್ತು ಓದುವ ಕ್ರಮವಿಲ್ಲ. ಇಡೀ ಪತ್ರವನ್ನು ಓದಿ, ಯಾವ ಷರತ್ತೂ ವ್ಯರ್ಥವಾಗದ ಹಾಗೆ ಅರ್ಥ ಮಾಡಬೇಕು. 11 ತಿಂಗಳಿಗೆ ಎಲ್ಲವೂ ಮುಗಿಯಿತು ಎಂದರೆ ‘ಪರಿವರ್ತನೆ ಆದ ದಿನದಿಂದ ಮೂರು ತಿಂಗಳು’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಅದರ ಬದಲು, ಪ್ಲಾಟಿಂಗ್ ಮತ್ತು ಪರಿವರ್ತನೆ ಮುಗಿಸಲು ಮಾರಾಟಗಾರರಿಗೆ ಕೊಟ್ಟ ಗಡುವೇ 11 ತಿಂಗಳು ಎಂದು ಓದಿದರೆ ಎರಡೂ ಸಾಲು ಬದುಕುತ್ತವೆ. ಆ ಕೆಲಸ ಅವರದೇ. ಅವರು ಮಾಡದೆ ನಿಮ್ಮ ಸರದಿ ಬರುವಂತಿರಲಿಲ್ಲ. ಇಂಥ ಕಡೆ, ಮೊದಲು ಮಾಡಬೇಕಾದವನು ಮಾಡದೆ ಎದುರಿನವನ ಪಾಲನೆಯನ್ನು ಕೇಳುವಂತಿಲ್ಲ ಎಂದು 1872ರ ಕರಾರು ಕಾಯ್ದೆಯ 54ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ತಮ್ಮ ತಡವನ್ನೇ ತಮ್ಮ ರಕ್ಷಣೆಗೆ ಗುರಾಣಿ ಮಾಡಿಕೊಳ್ಳಲು ನ್ಯಾಯಾಲಯ ಸುಲಭವಾಗಿ ಬಿಡುವುದಿಲ್ಲ.

ನಿಮ್ಮ ಕೈಯಲ್ಲಿರುವ ಅತಿ ಗಟ್ಟಿಯಾದ ಸಾಕ್ಷ್ಯ, ನನ್ನ ಲೆಕ್ಕದಲ್ಲಿ, 2021ರ ನವೆಂಬರ್‌ನ ಆ ಒಂದೂವರೆ ಲಕ್ಷ. ಕರಾರು 2020ರ ಜನವರಿಗೇ ಸತ್ತಿದ್ದರೆ ಸುಮಾರು ಎರಡು ವರ್ಷ ಕಳೆದ ಮೇಲೆ ಅದೇ ಕರಾರಿನ ಲೆಕ್ಕಕ್ಕೆ ಅವರು ಹಣ ಏಕೆ ಪಡೆದರು? ಆಮೇಲೆ 2023ರಲ್ಲಿ ತಮ್ಮ ಖರ್ಚಿನಲ್ಲಿ ಪರಿವರ್ತನೆ ಏಕೆ ಮಾಡಿಸಿದರು? ಬರಹದಲ್ಲಿ ಗೊಂದಲವಿದ್ದಾಗ ಎರಡೂ ಕಡೆಯವರು ನಡೆದುಕೊಂಡ ರೀತಿಯೇ ಅದರ ವ್ಯಾಖ್ಯಾನ. ಜೊತೆಗೆ, ಸ್ಥಿರಾಸ್ತಿಯ ಕರಾರಿನಲ್ಲಿ ಸಾಮಾನ್ಯವಾಗಿ ಸಮಯವೇ ಕರಾರಿನ ಜೀವಾಳ ಎಂದು ಭಾವಿಸುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1992ರಲ್ಲಿ ಹೇಳಿದೆ. ಆ ಪಾವತಿಯ ಬ್ಯಾಂಕ್ ವಿವರವನ್ನು ಮುದ್ರೆಯೊಂದಿಗೆ ಈಗಲೇ ತೆಗೆದಿಡಿ.

ಈಗ ದಲ್ಲಾಳಿಯ ಮಾತು. ನೋಟಿಸ್ ಕೊಟ್ಟರೆ ಮೂರು ವರ್ಷ ಹೊಸದಾಗಿ ಸಿಗುತ್ತದೆ ಎಂಬುದು ಶುದ್ಧ ಸುಳ್ಳು. ಕರಾವಳಿಯಲ್ಲಿ ಇದರಷ್ಟು ಜನರನ್ನು ಮುಳುಗಿಸಿದ ನಂಬಿಕೆ ಇನ್ನೊಂದನ್ನು ನಾನು ಕಂಡಿಲ್ಲ. ಕೆಲವು ವರ್ಷಗಳ ಹಿಂದೆ ಬೈಂದೂರು ಕಡೆಯ ಹಿರಿಯರೊಬ್ಬರು ಮಳೆಗಾಲದ ಒಂದು ಸಂಜೆ ನನ್ನ ಕಚೇರಿಗೆ ಬಂದರು. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಅಗ್ರಿಮೆಂಟ್, ನಾಲ್ಕು ನೋಟಿಸುಗಳ ಪ್ರತಿ, ಅಂಚೆಯ ರಸೀದಿಗಳನ್ನು ಒಂದೊಂದಕ್ಕೂ ಪಿನ್ ಹಾಕಿ ಇಟ್ಟಿದ್ದರು. ಒಂದು ಹನಿ ನೀರೂ ತಾಗಿರಲಿಲ್ಲ. ಮೂರು ವರ್ಷ ಮುಗಿದು 19 ದಿನವಾಗಿತ್ತು. ‘ವಕೀಲರೇ, ನಾನು ಸುಮ್ಮನೆ ಕೂತಿಲ್ಲವಲ್ಲ’ ಎಂದರು. ಅವರು ಸುಮ್ಮನೆ ಕೂತಿರಲಿಲ್ಲ ನಿಜ, ಆದರೆ ದಾವೆ ಹೂಡಿರಲಿಲ್ಲ. ತಡವನ್ನು ಮನ್ನಿಸುವ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಮೇಲ್ಮನವಿ, ಅರ್ಜಿಗಳಿಗೆ ಮಾತ್ರ, ಮೂಲ ದಾವೆಗೆ ಇಲ್ಲ. ಎದುರಿನವರು ಗಡುವಿನ ತಕರಾರು ಎತ್ತದಿದ್ದರೂ ನ್ಯಾಯಾಲಯ ತಾನಾಗಿಯೇ ದಾವೆಯನ್ನು ವಜಾ ಮಾಡಬೇಕೆಂದು 3ನೇ ಸೆಕ್ಷನ್ ವಿಧಿಸುತ್ತದೆ. ಅವರ ಮುಖ ನೋಡಿ ಅದನ್ನು ಹೇಳಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ನೆನಪು.

ಗಡುವನ್ನು ನಿಜವಾಗಿ ಹೊಸದಾಗಿಸುವುದು ಎದುರಿನವರ ಬರಹ. ಅವಧಿ ಮುಗಿಯುವ ಮೊದಲು ಅವರು ತಮ್ಮ ಹೊಣೆಯನ್ನು ಬರೆದು ಸಹಿ ಮಾಡಿ ಒಪ್ಪಿಕೊಂಡರೆ 18ನೇ ಸೆಕ್ಷನ್ ಪ್ರಕಾರ ಸಹಿಯ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. 2022ರಿಂದ 2023ರ ಜುಲೈವರೆಗೆ ಅಣ್ಣ ಕಳಿಸಿದ ‘ಸರ್ವೆಯರ್ ಬರುತ್ತಾರೆ, ಸ್ವಲ್ಪ ಕಾಯಿರಿ’ ಬಗೆಯ ಸಂದೇಶಗಳು ನಿಮ್ಮ ಮೊಬೈಲಿನಲ್ಲಿದ್ದರೆ ಅವು ತುಂಬ ಉಪಯುಕ್ತ. ವಾಟ್ಸ್ಆ್ಯಪ್ ಸಂದೇಶವನ್ನು ಸಹಿ ಇರುವ ಬರಹ ಎನ್ನಬಹುದೇ ಎಂಬುದರಲ್ಲಿ ವಾದಕ್ಕೆ ಜಾಗವಿದೆ, ಆದರೆ ಕರಾರು ಜೀವಂತವಿತ್ತು ಎಂದು ತೋರಿಸಲು ಅವು ಸಾಕು. ಆ ಮೊಬೈಲನ್ನು ಬದಲಿಸಬೇಡಿ, ಮಾರಬೇಡಿ, ಸಂದೇಶ ಅಳಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರದೊಂದಿಗೆ ಅವುಗಳನ್ನು ಹಾಜರುಪಡಿಸಬೇಕಾಗುತ್ತದೆ.

ಪತಿ ಕುವೈತ್‌ನಲ್ಲಿ ಇದ್ದುದರಿಂದ ನಿಮಗೆ ಹೆಚ್ಚು ಕಾಲ ಸಿಗುತ್ತದೆಯೇ ಎಂದರೆ, ಇಲ್ಲ. ಕಾಲಮಿತಿ ಕಾಯ್ದೆ ನೋಡುವುದು ಪ್ರತಿವಾದಿ ಎಲ್ಲಿದ್ದಾನೆ ಎಂಬುದನ್ನು. ಪ್ರತಿವಾದಿ ಭಾರತದ ಹೊರಗಿದ್ದ ಕಾಲವನ್ನು ಲೆಕ್ಕದಿಂದ ಬಿಡಬೇಕೆಂದು 15ನೇ ಸೆಕ್ಷನ್‌ನ ಐದನೆಯ ಉಪವಿಭಾಗ ಹೇಳುತ್ತದೆ. ಮನೆಮನೆಯಲ್ಲೂ ಒಬ್ಬರು ಗಲ್ಫ್‌ನಲ್ಲಿರುವ ನಮ್ಮ ಊರುಗಳಲ್ಲಿ ಇದು ಬಹಳ ಜನಕ್ಕೆ ತಿಳಿಯದ ಅಂಶ. ದುಬೈಯ ತಮ್ಮನ ಮಟ್ಟಿಗೆ ಇದನ್ನು ಎತ್ತಬಹುದು. ಆದರೆ ಅಣ್ಣ ಊರಿನಲ್ಲೇ ಇದ್ದಾರೆ, ಆದ್ದರಿಂದ ಇದು ಹೆಚ್ಚುವರಿ ಆಸರೆಯಷ್ಟೇ. ಅಣ್ಣ ತಮ್ಮನ ಪರವಾಗಿ ಯಾವ ಅಧಿಕಾರಪತ್ರದ ಮೇಲೆ ಸಹಿ ಹಾಕಿದರು ಎಂಬುದರ ಪ್ರತಿಯನ್ನೂ ಹುಡುಕಿಡಿ. ಅದಿಲ್ಲದಿದ್ದರೆ ತಮ್ಮನ ಪಾಲಿನ ಮೇಲೆ ನಿಮ್ಮ ಹಿಡಿತ ಸಡಿಲವಾಗುತ್ತದೆ.

ನೆರೆಯವರ 12 ವರ್ಷದ ಮಾತಿನಲ್ಲಿ ಅರ್ಧ ಸತ್ಯವಿದೆ. ಜಾಗ ಬರೆಸಿಕೊಳ್ಳುವ ದಾವೆಗೆ 12 ವರ್ಷ ಇಲ್ಲ. ಆದರೆ ಹಣದ ವಿಷಯ ಬೇರೆ. ಖರೀದಿದಾರ ಕೊಟ್ಟ ಮುಂಗಡಕ್ಕೆ ಆ ಜಾಗದ ಮೇಲೆಯೇ ಹೊಣೆ ಇರುತ್ತದೆ, ಅಂದರೆ ಆ ಹಣಕ್ಕೆ ಜಾಗವೇ ಭದ್ರತೆ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ತಪ್ಪು ಖರೀದಿದಾರನದಾಗಿರಬಾರದು, ಅಷ್ಟೇ. ಸ್ಥಿರಾಸ್ತಿಯ ಮೇಲೆ ಹೊಣೆ ಇರುವ ಹಣದ ವಸೂಲಿಗೆ ಕಾಲಮಿತಿ ಕಾಯ್ದೆಯ 62ನೇ ವಿಧಿ 12 ವರ್ಷ ಕೊಡುತ್ತದೆ. ಆದ್ದರಿಂದ ಎದುರಿನವರ ಓದೇ ಗೆದ್ದರೂ ನಿಮ್ಮ ಎಂಟೂವರೆ ಲಕ್ಷಕ್ಕೆ ದಾರಿ ಮುಚ್ಚಿಲ್ಲ. ಮುಟ್ಟುಗೋಲಿನ ಬೆದರಿಕೆಯೂ ಅವರು ಹೇಳಿದಷ್ಟು ಗಟ್ಟಿಯಲ್ಲ. 1963ರ ಫತೇಚಂದ್ ಪ್ರಕರಣದಲ್ಲಿ ಮಾರಾಟಗಾರ 25,000 ರೂಪಾಯಿ ಇಟ್ಟುಕೊಳ್ಳಲು ಹೊರಟಿದ್ದ. ಅದರಲ್ಲಿ ನಿಜವಾದ ಮುಂಗಡ 1,000 ಮಾತ್ರ, ಉಳಿದ 24,000 ಕ್ರಯದ ಭಾಗ, ನಷ್ಟ ಸಾಬೀತಾಗದೆ ಅದನ್ನು ನುಂಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಪ್ರಕರಣದಲ್ಲಂತೂ ನಿರಾಕರಿಸಿದವರು ಅವರೇ.

ಮುಂದಿನ ದಾರಿಗಳಲ್ಲಿ ನಾನು ಮೊದಲಿಗೆ ಇಡುವುದು ದಾವೆಯನ್ನು. ಕ್ರಯಪತ್ರಕ್ಕಾಗಿ ದಾವೆ, ಅದರಲ್ಲೇ ಪರ್ಯಾಯವಾಗಿ ಮುಂಗಡ ಹಣ ಬಡ್ಡಿಸಹಿತ ವಾಪಸ್, ಜೊತೆಗೆ ಬೇರೆಯವರಿಗೆ ಮಾರದಂತೆ ತಡೆಯಾಜ್ಞೆ. ಪರ್ಯಾಯ ಪರಿಹಾರವನ್ನು ವಾದಪತ್ರದಲ್ಲಿ ಸ್ಪಷ್ಟವಾಗಿ ಕೇಳದಿದ್ದರೆ ಕೊಡಲಾಗದು ಎಂಬುದು ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಸೆಕ್ಷನ್. ನಂತರ ತಿದ್ದುಪಡಿ ಮಾಡಬಹುದಾದರೂ ಮೊದಲೇ ಬರೆಸಿ. ಅಪಾಯಗಳೂ ಇವೆ. ನ್ಯಾಯಾಲಯದ ಶುಲ್ಕ ಮುಂಗಡದ ಮೇಲಲ್ಲ, ಪೂರ್ತಿ 26,40,000ದ ಮೇಲೆ ಲೆಕ್ಕವಾಗುತ್ತದೆ. ಅಗ್ರಿಮೆಂಟಿಗೆ ಮುದ್ರಾಂಕ ಶುಲ್ಕ ಕಡಿಮೆ ಬಿದ್ದಿದ್ದರೆ ಕೊರತೆಯನ್ನೂ ದಂಡವನ್ನೂ ಕಟ್ಟಿದ ಮೇಲೆಯೇ ಅದು ಸಾಕ್ಷ್ಯವಾಗುತ್ತದೆ. ವರ್ಷಗಳು ಹಿಡಿಯುತ್ತವೆ. ಎಲ್ಲಕ್ಕಿಂತ ಕಠಿಣವಾದದ್ದು, ಮೊದಲ ದಿನದಿಂದಲೂ ಉಳಿದ ಹಣ ಕೊಟ್ಟು ಬರೆಸಿಕೊಳ್ಳಲು ನೀವು ಸಿದ್ಧರಿದ್ದಿರಿ ಎಂದು ಸಾಬೀತುಪಡಿಸುವುದು. ಬಾಯಿಮಾತು ಸಾಲದು. ಪತಿಯ ಸಂಬಳದ ದಾಖಲೆ, ಅನಿವಾಸಿ ಖಾತೆಯ ವಿವರ, ಮಂಜೂರಾದ ಸಾಲದ ಪತ್ರ ಬೇಕು. ಮೂರು ವರ್ಷ ಇದೆಯೆಂದು ಕೊನೆಯವರೆಗೆ ಸುಮ್ಮನಿದ್ದವರನ್ನು, ಜಾಗದ ಬೆಲೆ ಏರಿರುವಾಗ, ನ್ಯಾಯಾಲಯ ಅನುಮಾನದಿಂದ ನೋಡುತ್ತದೆ. 1997ರಿಂದಲೇ ಸುಪ್ರೀಂ ಕೋರ್ಟ್ ಈ ಎಚ್ಚರಿಕೆ ಕೊಡುತ್ತಾ ಬಂದಿದೆ. ಹಾಗಾಗಿ ಆಗಸ್ಟ್‌ವರೆಗೆ ಕಾಯಲೇಬೇಡಿ. ವಾದಪತ್ರ ಸಿದ್ಧವಾದ ವಾರವೇ ಸಲ್ಲಿಸಿ. ಅದಕ್ಕೆ ಮೊದಲು ಒಂದು ನೋಟಿಸ್ ಕೊಡಿ, ಗಡುವಿಗಾಗಿ ಅಲ್ಲ, ನಿಮ್ಮ ಸಿದ್ಧತೆಯನ್ನು ದಾಖಲಿಸಲು.

ರಾಜಿಯ ಬಾಗಿಲನ್ನು ನಾನು ಮುಚ್ಚಿ ಎನ್ನುವುದಿಲ್ಲ. ಅಣ್ಣ ಸ್ವಲ್ಪ ಹೆಚ್ಚು ರೇಟಿಗೆ ಒಪ್ಪಿದರೆ, ಹತ್ತು ವರ್ಷದ ವ್ಯಾಜ್ಯಕ್ಕಿಂತ ಅದು ಲೇಸಾಗಬಹುದು. ಆದರೆ ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಗಡುವು ನಿಲ್ಲುವುದಿಲ್ಲ. ರಾಜಿಯಾದರೆ ಬರಹದಲ್ಲಿ, ಇಬ್ಬರು ಮಾರಾಟಗಾರರ ಸಹಿಯೊಂದಿಗೆ, ಕ್ಯಾಲೆಂಡರಿನ ದಿನಾಂಕ ನಮೂದಿಸಿ ಹೊಸ ಕರಾರು ಮಾಡಿಸಿ. ಹಳೆಯದರ ಹಿಂದೆ ಒಂದು ಷರಾ ಸಾಲದು. ಎದುರಿನವರ ಓದಿನ ಪ್ರಕಾರ ಅವಧಿ ಈಗಾಗಲೇ ಮುಗಿದಿದೆ, ಮುಗಿದ ಮೇಲಿನ ಒಪ್ಪಿಗೆಗೆ 18ನೇ ಸೆಕ್ಷನ್‌ನ ಬಲವಿಲ್ಲ. ಹಣವನ್ನಷ್ಟೇ ವಾಪಸ್ ಕೊಡುತ್ತೇವೆಂದು ಮುಂದಿನ ದಿನಾಂಕದ ಚೆಕ್ ಕೊಟ್ಟರೆ ಅಲ್ಲಿ ಬೇರೆಯೇ ಗಡುವು: ಚೆಕ್ ಅಮಾನ್ಯವಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್, ಅವರಿಗೆ 15 ದಿನ, ಅದಾದ ಒಂದು ತಿಂಗಳೊಳಗೆ ದೂರು.

ದಾವೆ ಹೂಡಿದ ಮೇಲೂ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರದಲ್ಲೋ ಲೋಕ ಅದಾಲತ್‌ನಲ್ಲೋ ಮಾತಾಡಬಹುದು, ಆಗ ಗಡುವಿನ ಭಯವಿಲ್ಲದೆ ಮಾತಾಡುತ್ತೀರಿ. ಖರ್ಚಿನ ಚಿಂತೆಯಿದ್ದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಅಗ್ರಿಮೆಂಟ್ ನಿಮ್ಮ ಹೆಸರಿನಲ್ಲಿರುವುದರಿಂದ ನೀವೇ ಅರ್ಜಿ ಹಾಕಬಹುದು.

ಈ ವಾರದ ಕೆಲಸ ಎರಡು. ಉಪನೋಂದಣಿ ಕಚೇರಿಯಿಂದ ಆ ಸರ್ವೆ ನಂಬರಿಗೆ 2019ರಿಂದ ಇಂದಿನವರೆಗಿನ ಋಣಭಾರ ಪ್ರಮಾಣಪತ್ರ ತೆಗೆಯಿರಿ, ಹೊಸ ಆರ್‌ಟಿಸಿಯನ್ನೂ ನೋಡಿ. ನಿಮ್ಮ ಕರಾರಿನ ವಿಷಯ ತಿಳಿಯದೆ ಪೂರ್ತಿ ಬೆಲೆ ಕೊಟ್ಟು ಬರೆಸಿಕೊಂಡವರು ಯಾರಾದರೂ ಇದ್ದರೆ ಇಡೀ ಲೆಕ್ಕವೇ ಬದಲಾಗುತ್ತದೆ. ಇನ್ನೊಂದು, ದಲ್ಲಾಳಿಯ ಮನೆಗೆ ಹೋಗಿ ಮೂಲ ಅಗ್ರಿಮೆಂಟ್ ಕೇಳಿ. ಒಬ್ಬರೇ ಹೋಗಬೇಡಿ, ಅಂದು ಸಾಕ್ಷಿ ಹಾಕಿದವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ. ಕೈಗೆ ಬಂದ ಕೂಡಲೇ ಅಲ್ಲೇ, ಅವರ ಎದುರಿನಲ್ಲೇ, ಎಲ್ಲ ಪುಟಗಳ ಫೋಟೊ ತೆಗೆಯಿರಿ. ಕೊಡಲು ಹಿಂಜರಿದರೆ ಅಂದೇ ರಿಜಿಸ್ಟರ್ಡ್ ಅಂಚೆಯಲ್ಲಿ ಅವರಿಗೊಂದು ಪತ್ರ ಹೋಗಲಿ.